ಬಾಯಿಂದ ಮೊಳೆ ತೆಗೆದ ದಿನ

ನಾಲಬಂದ ಕಾಕಾನ ತುಟಿಗಳ ನಡುವೆ ಯಾವಾಗಲೂ ನಾಲ್ಕು ಮೊಳೆ ಇರುತ್ತಿದ್ದವು. ಮಾತು ಬರುತ್ತಿದ್ದುದು ಬಾಯಿಯ ಎಡಮೂಲೆಯಿಂದ, ಅದೂ ಬಹುತೇಕ ಬೈಗುಳವೇ. ಸಂಶಿಯ ಬಸ್ ನಿಲ್ದಾಣದ ಬಾಜು ಬೇವಿನ ಗಿಡದ ಕೆಳಗೆ ಎತ್ತುಗಳನ್ನು ಕೆಡವಿ, ಕಾಲು ಕಟ್ಟಿ, ಗೊರಸಿಗೆ ಕಬ್ಬಿಣದ ನಾಲ ಬಡಿಯುವುದು ಅವರ ಕಸುಬು. ನಾನು ಅಲ್ಲಿಯ ಹೈಸ್ಕೂಲಿನ ಮಾಸ್ತರ. ಸಂಜೆ ಕುಂದಗೋಳದ ಬಸ್ಸಿಗೆ ಕಾಯುತ್ತ, ಅಂದು ತರಗತಿಯಲ್ಲಿ ಹೇಳಿದ ವೀರರ ಕಥೆಗಳನ್ನು ಅವರಿಗೂ ಹೇಳುತ್ತಿದ್ದೆ. ಅವರು ಎತ್ತಿನ ಗುಣ ನೋಡುವಂತೆ ನೋಡಿ ಒಬ್ಬೊಬ್ಬನನ್ನೇ ತಳ್ಳಿಹಾಕುತ್ತಿದ್ದರು.

ಗ್ರೀಕರ ಮಹಾವೀರನೊಬ್ಬನ ಮೈಯೆಲ್ಲ ಗಟ್ಟಿ, ಹಿಮ್ಮಡಿ ಮಾತ್ರ ಮೆತ್ತಗೆ, ಅಲ್ಲೇ ಬಾಣ ನಾಟಿ ಸತ್ತ ಎಂದೆ.

“ಗೊತ್ತಿದ್ದೂ ಹಂಗ ಹ್ವಾದ್ನ? ನನ್ನ ಕಡೆ ಬಂದಿದ್ರ ಒಂದು ನಾಲಾ ಬಡದು ಕಳಸ್ತಿದ್ದೆ. ಖೋಡಿ!”

ಅದೇ ವೀರ ಸೇನಾಪತಿಯ ಮೇಲೆ ಮುನಿದು ಡೇರೆಯಲ್ಲಿ ಕುಳಿತ, ತನ್ನವರು ಸಾಯುತ್ತಿದ್ದರೂ ಏಳಲಿಲ್ಲ ಎಂದಾಗ ಇನ್ನಷ್ಟು ಉರಿದುಬಿದ್ದರು.

“ನೊಗಾ ಹೊತ್ತು ನಡುಹೊಲದಾಗ ಕುಂದ್ರೂ ಎತ್ತದು. ಮೊದ್ಲ ಮಾರಿಬಿಡ್ರಿ.”

ಬೈಬಲ್ಲಿನವರಿಗೂ ರಿಯಾಯಿತಿ ಇರಲಿಲ್ಲ. ಬಲವೆಲ್ಲ ಕೂದಲಲ್ಲಿದ್ದವನು ಆ ಗುಟ್ಟನ್ನು ಹೆಣ್ಣೊಬ್ಬಳಿಗೆ ಹೇಳಿ ಕೆಟ್ಟನಲ್ಲ, ಅವನು ಬರೀ ‘ಬಾಯಿಹರಕ’. ಕವಣೆಗಲ್ಲಿನಿಂದ ದೈತ್ಯನನ್ನು ಕೆಡವಿದ ಕುರಿ ಕಾಯುವವನೊಬ್ಬ ಮಾತ್ರ ಪಾಸಾದ. ಆದರೆ ಮುಂದೆ ರಾಜನಾಗಿ ತನ್ನ ಸೈನಿಕನ ಹೆಂಡತಿಯನ್ನು ಕೆಡಿಸಿ, ಆ ಸೈನಿಕನನ್ನು ಯುದ್ಧದಲ್ಲಿ ಸಾಯಲು ಕಳಿಸಿದ ಎಂದ ಕೂಡಲೇ ಸುತ್ತಿಗೆ ನಿಂತಿತು.

“ಥೂ! ಆಮ್ಯಾಲೆ?”

“ದೇವರ ಮಾತು ಹೇಳೂ ಒಬ್ರು ಬಂದು, ನೀ ಮಾಡಿದ್ದು ತಪ್ಪು ಅಂತ ಮಾರಿ ಮ್ಯಾಲೆ ಅಂದ್ರು. ರಾಜ ತಪ್ಪಾತು ಅಂದ.”

“ಅಂದ್ನ? ಹಲ್ಕಟ್ ಅದಾನ, ಖರೆ. ಆದ್ರ ಡೇರೆದಾಗ ಕುಂತಾವಗಿಂತ ಒಂಚೂರು ಛಲೋ.”

ಆ ವರ್ಷ ಪರೀಕ್ಷೆಯಲ್ಲಿ ಇಬ್ಬರು ಹುಡುಗಿಯರ ಉತ್ತರ ಅಕ್ಷರ ಬಿಡದೆ ಒಂದೇ ಆಗಿತ್ತು. ಕೂಲಿಯವರ ಮಗಳೇ ನೋಡಿ ಬರೆದಿರಬೇಕೆಂದು ನಾನೇ ತೀರ್ಮಾನಿಸಿ, ಎಲ್ಲರೆದುರು ಅವಳನ್ನು ಕಳ್ಳಿ ಎಂದೆ. ಅವಳು ಶಾಲೆ ಬಿಟ್ಟಳು. ಮೂರನೆಯ ದಿನ ಇನ್ನೊಬ್ಬಳು ಅಳುತ್ತ ಬಂದು, ಕದ್ದವಳು ತಾನು ಎಂದಳು. ನಾನು, ಮಹಾಶೂರ, ತೆಪ್ಪಗಿದ್ದೆ. ವಾರ ಕಳೆದ ಮೇಲೆ ಕಾಕಾನ ಮುಂದೆ ಬಾಯಿಬಿಟ್ಟೆ. “ಮಾಸ್ತರಾದವ ಹುಡುಗ್ರ ಮುಂದ ತಪ್ಪಾತು ಅಂದ್ರ ಮರ್ಯಾದಿ ಉಳಿತೈತೇನ್ರಿ ಕಾಕಾ?”

ಕಾಕಾ ನಾಲ್ಕೂ ಮೊಳೆ ತೆಗೆದು ಅಂಗೈಯಲ್ಲಿಟ್ಟುಕೊಂಡರು. ಅವರ ಬಾಯಿ ಬರಿದಾದದ್ದನ್ನು ನಾನು ಕಂಡದ್ದು ಅಂದೇ.

“ಮೊಳಿ ಹಸಿ ಮಾಂಸಕ್ಕ ಹೊಕ್ರ ಎತ್ತು ಕುಂಟತೈತಿ. ನಂದೂ ಕೈ ತಪ್ಪತೈತ್ರಿ. ಆಗ ಮಾಲಕನ ಮುಂದ ಕಿತ್ತಿ ತಗದು, ನಂದ ತಪ್ಪು ಅಂತೇನಿ. ನಿಮ್ಮ ಎತ್ತು ಕುಂಟಾಕತ್ತೈತಿ, ನೀವು ಡೇರೆದಾಗ ಕುಂತೀರಿ. ಹೋಗ್ರಿ, ಬಸ್ ಬಂತು.”

ಬಸ್ ಬಂದಿರಲಿಲ್ಲ.

ಮರುದಿನ ಆ ಹುಡುಗಿ ತಾಯಿಯ ಜೊತೆ ಕಳೆ ತೆಗೆಯುತ್ತಿದ್ದ ಮೆಣಸಿನಕಾಯಿ ಹೊಲಕ್ಕೆ ಹೋಗಿ, ತಪ್ಪಾಯಿತು ಎಂದೆ. ತಾಯಿ ತಲೆ ಎತ್ತಲಿಲ್ಲ. “ಕಳ್ಳಿ ಅಂದದ್ದು ಸಾಲ್ಯಾಗ ಅಲ್ಲೇನ್ರಿ ಸರ್?” ಎಂದಳು ಹುಡುಗಿ. ಅದಕ್ಕೇ ತರಗತಿಯಲ್ಲೂ, ಎಲ್ಲರೆದುರು, ಹೇಳಿದೆ. ಅವಳು ಮರಳಿ ಬಂದಳು. ಇದನ್ನು ಉಬ್ಬುತ್ತ ಕಾಕಾನಿಗೆ ವರದಿ ಮಾಡಿದರೆ, ಮೊಳೆಗಳ ಸಂದಿಯಿಂದ ಬಂದದ್ದು ಇಷ್ಟೇ: “ಹೂಂ. ತಡಾ ಆತು.”

ಕಾಕಾ ಹೋದ ವರ್ಷ ತೀರಿಕೊಂಡರು. ಹಿಮ್ಮಡಿಗೆ ನಾಲ ಬಡಿಯುವ ಮಾತು ಹೇಳಿ ನಾನು ಈಗಲೂ ಪ್ರತಿ ವರ್ಷ ತರಗತಿಯನ್ನು ನಗಿಸುತ್ತೇನೆ. ಸರ್ ಭಾಳ ಶಾಣ್ಯಾ ಅದಾರ ಎಂದು ಮಕ್ಕಳು ಹೊಗಳುತ್ತಾರೆ. ಮಗುವನ್ನು ಕಳ್ಳಿ ಎಂದ ಈ ಮಾಸ್ತರ, ಆ ಮಾತು ಯಾರದೆಂದು ಒಮ್ಮೆಯೂ ಹೇಳಿಲ್ಲ. ಅದು ಕಾಕಾನದು. ಇದನ್ನು ಹೇಳುವುದಕ್ಕೂ ತಡವಾಯಿತು.