ಮೂರನೆಯ ಸಲದ ನಂತರ

ಲೋಕಲ್ ಟ್ರೇನು ದಿವಾ ಸ್ಟೇಷನ್ ದಾಟುವಾಗ ಹೊಟ್ಟೆ ಹಿಂಡಿತು. ಡೊಂಬಿವಲಿಯಲ್ಲಿ ಇಳಿಯುವಷ್ಟರಲ್ಲಿ ಸಲ್ವಾರ್ ರಕ್ತದಲ್ಲಿ ಒದ್ದೆಯಾಗಿತ್ತು.

ಮೂರನೆಯ ಸಲ.

ಸೋನೋಗ್ರಫಿಯಲ್ಲಿ ಮಗುವಿನ ಹಾರ್ಟ್‌ಬೀಟ್ ಇರಲಿಲ್ಲ. ಮನೆಗೆ ಬಂದ ಮೇಲೆ ಅತ್ತೆ ಬಿಸಿ ಗಂಜಿ ಕೊಟ್ಟರು. ಕೊಡುತ್ತಲೇ ಹೇಳಿದರು, "ಟ್ರೇನಲ್ಲಿ ಅಷ್ಟು ಧಕ್ಕಾ ತಿಂದ್ರೆ ನಿಲ್ಲುದುಂಟಾ? ಕೆಲಸ ಬಿಡು. ಊರಿಗೆ ಹೋಗಿ ನಾಗದೋಷಕ್ಕೆ ಒಂದು ಆಶ್ಲೇಷಾ ಬಲಿ ಮಾಡಿಸುವ."

ಹಿಂದಿನ ಎರಡು ಸಲವೂ ಇದನ್ನೇ ಕೇಳಿ ತಲೆ ತಗ್ಗಿಸಿದ್ದೆ. ಕೂದಲು ಹಿಡಿ ಹಿಡಿಯಾಗಿ ಉದುರುತ್ತಿತ್ತು, ಮೇ ತಿಂಗಳ ಸೆಕೆಯಲ್ಲೂ ನನಗೊಬ್ಬಳಿಗೆ ಚಳಿ, ಬೆಳಿಗ್ಗೆ ಎದ್ದರೆ ಮುಖ ಊದಿರುತ್ತಿತ್ತು. ಎಲ್ಲವೂ ಓಡಾಟದ ದಣಿವೆಂದು ನಾನೂ ನಂಬಿದ್ದೆ.

ಈ ಸಲ ನಂಬಲಿಲ್ಲ. ಗಂಡ ರಜೆ ಹಾಕುತ್ತೇನೆಂದ. ಬೇಡವೆಂದು, ಒಬ್ಬಳೇ ಥಾಣೆಯ ಬೇರೊಬ್ಬ ಡಾಕ್ಟರ ಬಳಿ ಹೋದೆ. ಅವರು ನನ್ನ ಕುತ್ತಿಗೆ ಮುಟ್ಟಿ ನೋಡಿದರು. ಹಳೆಯ ಫೈಲು ತಿರುವಿದರು. ಥೈರಾಯ್ಡ್ ಟೆಸ್ಟೇ ಅದರಲ್ಲಿರಲಿಲ್ಲ.

ರಿಪೋರ್ಟ್ ಬಂತು. ಟಿಎಸ್‌ಎಚ್ ತುಂಬಾ ಮೇಲಿತ್ತು, ಅಂದರೆ ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಥೈರಾಯ್ಡ್ ವಿರುದ್ಧದ ಆಂಟಿಬಾಡಿಯೂ ಪಾಸಿಟಿವ್.

"ಟ್ರೇನಿನಿಂದ ಆಯಿತಾ ಡಾಕ್ಟರ್?"

"ನಾಹೀ," ಎಂದರು. ಗರ್ಭ ನಿಲ್ಲದ್ದಕ್ಕೆ ಥೈರಾಯ್ಡ್ ಒಂದೇ ಕಾರಣವೆಂದು ಹೇಳಲಾರೆ, ಆದರೆ ತಪ್ಪು ನಿಮ್ಮದಲ್ಲ ಎಂದರು. ನಾನು ಅಲ್ಲೇ ಅತ್ತುಬಿಟ್ಟೆ. ಅವಮಾನ ಕರಗಿದ್ದಕ್ಕೋ, ಇಷ್ಟು ತಡವಾದ ಸಿಟ್ಟಿಗೋ, ಗೊತ್ತಿಲ್ಲ.

ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ ಶುರುವಾಯಿತು. ಕೆಲಸ ಬಿಡಲಿಲ್ಲ.

ಎರಡು ತಿಂಗಳಿಗೆ ಕಲ್ಯಾಣ್ ಊರಲ್ಲಿ ನಾದಿನಿಯ ಸೀಮಂತ. ಆರತಿಗೆ ಎದ್ದೆ. ಸಂಬಂಧದ ಒಬ್ಬರು ದೊಡ್ಡಮ್ಮ ಕೈ ಹಿಡಿದರು. "ನೀನು ಹಿಂದೆ ನಿಲ್ಲು ಮಗಾ. ಒಳ್ಳೆ ಕಾರ್ಯ ಅಲ್ವಾ?"

"ನಂಗಿರುದು ಥೈರಾಯ್ಡ್, ದೊಡ್ಡಮ್ಮ. ಅಂಟುವ ರೋಗ ಅಲ್ಲ."

ಡೊಂಬಿವಲಿಯಲ್ಲೇ ಹುಟ್ಟಿದ ನಾದಿನಿ ಕುರ್ಚಿಯಿಂದಲೇ ಹಿಂದಿಯಲ್ಲಿ ಕೂಗಿದಳು, "ಭಾಭಿ, ಪೆಹಲೇ ಆಪ್!"

ಎಲ್ಲರಿಗಿಂತ ಮೊದಲು ನಾನೇ ಆರತಿ ಎತ್ತಿದೆ.

ವಾಪಸು ಬರುವಾಗ ರಿಕ್ಷಾದಲ್ಲಿ ಅತ್ತೆ ಬೈಯುತ್ತಾರೆಂದುಕೊಂಡಿದ್ದೆ. ಅವರು ಹೊರಗೆ ನೋಡುತ್ತಾ ಹೇಳಿದರು, "ನಂಗೂ ಎರಡು ಹೋಗಿತ್ತು. ಆಗ ಯಾರೂ ರಕ್ತ ನೋಡ್ಲಿಲ್ಲ. ನನ್ನ ಜಾತಕ ನೋಡಿದ್ರು."

ನಾನು ಅವರ ಕೈ ಹಿಡಿದುಕೊಂಡೆ.

ಈಗ ಟಿಎಸ್‌ಎಚ್ ಹತೋಟಿಗೆ ಬಂದಿದೆ. ಮತ್ತೆ ಪ್ರಯತ್ನಿಸಬಹುದೆಂದು ಡಾಕ್ಟರ್ ಹೇಳಿದ್ದಾರೆ. ಭಯ ಹೋಗಿಲ್ಲ. ಯಾವಾಗ ಎಂಬುದನ್ನು ನಾನೂ ಗಂಡನೂ ನಿರ್ಧರಿಸುತ್ತೇವೆ. ಕೇಳಿದವರಿಗೆ ಅತ್ತೆಯೇ ಉತ್ತರ ಕೊಡುತ್ತಿದ್ದಾರೆ: "ಅವಳನ್ನು ಅವಳಷ್ಟಕ್ಕೆ ಬಿಡಿ."