ಕೊರಳು ಬಿಟ್ಟರೂ ಮೈ ಬಿಡದ ಲಿಂಗ

ಶರಣ ಬಂಧುಗಳೇ, ಆಪರೇಷನ್ ಆಗಿ ತಿಂಗಳುಗಳು ಕಳೆದರೂ ನನ್ನ ಕೊರಳಿನ ಗಾಯ ಮಾಯಲಿಲ್ಲ. ನನ್ನ ಗೋಳು ಅಲ್ಲಿಂದಲೇ ಶುರು.

ಎಂಬತ್ತರ ದಶಕದ ಮಾತು. ಬನಹಟ್ಟಿಯಲ್ಲಿ ನಮ್ಮದು ಪವರ್‌ಲೂಮಿನ ಮನೆ. ಕಿವಿಯ ಕೆಳಗೆ ಎದ್ದ ಗಂಟು ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಮಿರಜದ ದವಾಖಾನೆಯಲ್ಲಿ ಮೊದಲು ಕರೆಂಟ್ ಕೊಟ್ಟರು. ರೇಡಿಯೇಷನ್‌ಗೆ ನಮ್ಮ ಕಡೆ ಹಾಗೇ ಅನ್ನುತ್ತಾರೆ. ಆಮೇಲೆ ಉಳಿದ ಗಂಟನ್ನು ಕೊಯ್ದು ತೆಗೆದರು. "ರೋಗ ಹೋತು" ಎಂದರು ಡಾಕ್ಟರು. ರೋಗವೇನೋ ಹೋಯಿತು, ಗಾಯ ಮಾತ್ರ ಬಾಡಿಗೆಮನೆ ಸಿಕ್ಕ ಹಾಗೆ ಕೂತುಬಿಟ್ಟಿತು.

ನಮ್ಮವರಲ್ಲಿ ಇಷ್ಟಲಿಂಗ ಮೈ ಬಿಡುವಂತಿಲ್ಲ. ಕರೆಂಟ್ ಕೊಡುವಾಗ ಅದನ್ನು ಅಂಗೈಯಲ್ಲಿ ಹಿಡಿದು ಮಲಗುತ್ತಿದ್ದೆ, ಕೆಳಗಿಳಿದ ಕೂಡಲೇ ಕೊರಳಿಗೆ ಹಾಕಿಕೊಳ್ಳುತ್ತಿದ್ದೆ. ಊರಿಗೆ ಬಂದ ಮೇಲೂ ಅಷ್ಟೇ. ಲಿಂಗ ಕಟ್ಟಿದ ಶಿವದಾರ ಸರಿಯಾಗಿ ಗಾಯದ ಅಂಚಿನ ಮೇಲೇ ಹಾಯುತ್ತಿತ್ತು. ಸಂಜೆ ನೋಡಿದರೆ ಬ್ಯಾಂಡೇಜು ಒದ್ದೆ.

ಡಾಕ್ಟರು ಒಂದು ದಿನ ಎದುರಿಗೆ ಕೂರಿಸಿಕೊಂಡರು. "ನೋಡ್ರಿ ಅಕ್ಕಾರ, ಕರೆಂಟ್ ಕೊಟ್ಟ ಜಾಗಾದಾಗ ರಕ್ತದ ಸಣ್ಣ ಸಣ್ಣ ನಾಳ ಮುಚ್ಚಿರ್ತಾವ. ಗಾಯಕ್ಕ ಸಾಕಷ್ಟು ರಕ್ತ ಬರೂದಿಲ್ಲ. ಮೊದಲ ಮಾಯೂದು ತಡ, ಅದರ ಮ್ಯಾಲ ಈ ದಾರ ದಿನಾ ತಿಕ್ಕಾಕತ್ತೈತಿ. ತಗದಿಡ್ರಿ."

"ಜೀವಾ ಬೇಕಾದ್ರ ತಗೀರಿ, ಲಿಂಗ ತಗ್ಯಾಂಗಿಲ್ಲ ನೋಡ್ರಿ" ಎಂದೆ.

"ಜೀವದ ಮಾತ ಹೇಳಾಕತ್ತೇನಿ. ಒಳಗ ದೊಡ್ಡ ರಕ್ತನಾಳ ಐತಿ. ಹುಣ್ಣು ಅಲ್ಲೀತನಕ ಇಳೀತಂದ್ರ ನಮ್ಮ ಕೈಯಾಗ ಏನೂ ಇಲ್ಲ. ಮುಂದಿನ ಸಲಕ್ಕ ಗಾಯ ಕೂಡ್ಲಿಲ್ಲಂದ್ರ ಎದಿಮ್ಯಾಗಿನ ಮಾಂಸ ತಗದು ಹಚ್ಚಬೇಕಾಕ್ಕೈತಿ."

ಊರಿಗೆ ಮರಳಲು ಕುಡಚಿ ಸ್ಟೇಷನ್ನಿಗೆ ಬರುವ ರೈಲಿನಲ್ಲಿ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಯಜಮಾನರು ಕಿಟಕಿಯ ಕಡೆ ನೋಡುತ್ತ, "ನಿನ್ನ ಹಟಕ್ಕ ಶಿವನೂ ಕೈ ಮುಗೀಬೇಕು" ಎಂದರು. ಅವರ ಕಣ್ಣೂ ಒದ್ದೆಯಾಗಿತ್ತು. ಅಂದಿನಿಂದ ಪೂಜೆಗೆ ಕೂತಾಗಲೆಲ್ಲ ಒಂದೇ ಬೇಡಿಕೆ: "ಶಿವನೇ, ನಿನ್ನನ್ನು ಬಿಡಲಾರೆ, ನನ್ನ ಮಕ್ಕಳನ್ನೂ ಬಿಟ್ಟು ಬರಲಾರೆ. ದಾರಿ ತೋರಿಸು." ತೋರಿಸದಿದ್ದಾಗ ಬೈದದ್ದೂ ಉಂಟು.

ಶ್ರಾವಣದಲ್ಲಿ ಮಠದ ಸ್ವಾಮಿಗಳು, ನಮ್ಮೆಲ್ಲರ ಅಜ್ಜನವರು, ನಮ್ಮ ಮನೆಗೆ ಭಿಕ್ಷೆಗೆ ಬಂದರು. ಪಾದಪೂಜೆ ಮುಗಿಯುವುದೇ ತಡ, ನಮ್ಮತ್ತೆ ದೂರು ಕೊಟ್ಟರು. "ಅಜ್ಜಾರ, ಇಕಿಗೆ ನೀವರೆ ಹೇಳ್ರಿ. ಲಿಂಗದ ದಾರ ಗಾಯಾ ಹರ್ಯಾಕತ್ತೈತಿ. ಡಾಕ್ಟರ್ ಮಾತು ಕೇಳವಲ್ಲಳು."

ನನ್ನ ನಿಷ್ಠೆಗೆ ಅಜ್ಜನವರು ಶಭಾಷ್ ಎನ್ನುತ್ತಾರೆಂದು ನಾನು ನೆಟ್ಟಗೆ ಕೂತೆ. ಅವರು ನಕ್ಕು, ಕಾವಿ ಅಂಗಿಯ ತೋಳನ್ನು ಮೇಲೆ ಸರಿಸಿದರು. ಅವರ ಲಿಂಗ ರಟ್ಟೆಗೆ ಕಟ್ಟಿತ್ತು!

"ಬ್ಯಾಸಿಗ್ಯಾಗ ಕೊರಳಿಗೆ ಬೆವರಸಾಲಿ ಎದ್ದಿದ್ವು ಯವ್ವಾ, ಇಲ್ಲಿ ಕಟ್ಕೊಂಡೇನಿ. ಲಿಂಗ ಮೈ ಬಿಡಬಾರದು, ಖರೆ. ಕೊರಳ ಬಿಡಬಾರದಂತ ನಿನಗ ಯಾರ ಹೇಳ್ಯಾರ?"

ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ. ಅತ್ತೆ ಮಗ್ಗದ ಕೋಣೆಗೆ ಓಡಿ ಹೊಸ ನೂಲು ತಂದರು. ಅಜ್ಜನವರು ಮಂತ್ರ ಹೇಳುತ್ತಿದ್ದಂತೆ ಅತ್ತೆಯೇ ನನ್ನ ರಟ್ಟೆಗೆ ಲಿಂಗ ಕಟ್ಟಿದರು. ಸಂತೋಷಕ್ಕೆ ಅಳು ಬಂತು, ನನ್ನ ಪೆದ್ದುತನಕ್ಕೆ ನಗು ಬಂತು. ಎರಡನ್ನೂ ಒಟ್ಟಿಗೇ ಮಾಡಿದೆ.

ಮರುದಿನವೇ ಗಾಯ ಮಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಡಾಕ್ಟರು ಹೇಳಿದಂತೆ ಪಟ್ಟಿ ಬದಲಿಸುತ್ತ, ಎಣ್ಣೆ-ಪೌಡರ್ ಏನೂ ಹಚ್ಚದೆ, ಹಾಲು, ಮೊಳಕೆಕಾಳು ತಿನ್ನುತ್ತ ಕಾದೆ. ಮೊದಲು ಒದ್ದೆ ಕಡಿಮೆಯಾಯಿತು. ಆಮೇಲೆ ಅಂಚಿನಿಂದ ಕೆಂಪು ಮಾಂಸ ಒಳಮುಖವಾಗಿ ಬೆಳೆಯುತ್ತ ಬಂತು. ಮತ್ತೆ ಮಿರಜಕ್ಕೆ ಹೋದಾಗ ಡಾಕ್ಟರು ಮಾಂಸ ಹಚ್ಚುವ ಮಾತು ಕೈಬಿಟ್ಟರು. ದೀಪಾವಳಿಯ ಹೊತ್ತಿಗೆ ಗಾಯ ಪೂರ್ತಿ ಕೂಡಿಕೊಂಡಿತು.

"ಕಡಿಗೂ ಲಿಂಗ ತಗದ್ರೆಲಾ!" ಎಂದರು ಡಾಕ್ಟರು, ನನ್ನ ಬರಿಗೊರಳು ನೋಡಿ.

ನಾನು ಕುಪ್ಪಸದ ತೋಳು ಸರಿಸಿ ತೋರಿಸಿದೆ. ಅವರು ಹೊಟ್ಟೆ ಹಿಡಿದು ನಕ್ಕರು. "ದಾರ ತಿಕ್ಕೂದು ತಪ್ಪಿತು, ಗಾಯ ಮಾಯ್ತು. ಅಷ್ಟ."

"ತಪ್ಪಿಸಿದಾವ ಯಾರ್ರೀ ಡಾಕ್ಟರ್ ಸಾಹೇಬ್ರ?" ಎಂದೆ. ಅವರು ಮೇಲೆ ಕೈ ತೋರಿಸಿದರು.

ಬಂಧುಗಳೇ, ನಾನು ಬೇಡಿದ್ದು ದಾರಿ, ಶಿವ ಕೊಟ್ಟದ್ದೂ ದಾರಿಯೇ. ಡಾಕ್ಟರ ಕೈಗೂ ಅಜ್ಜನವರ ನಗುವಿಗೂ ನನ್ನ ಶರಣು. ಈಗ ಬೆಳಿಗ್ಗೆ ಸ್ನಾನಕ್ಕೆ ಕೂತು ತಂಬಿಗೆ ನೀರು ಸುರಿದುಕೊಂಡರೆ, ಕೊರಳ ಮೇಲಿಂದ ಉರಿಯದೆ ಇಳಿದುಹೋಗುತ್ತದೆ. ಅಷ್ಟಕ್ಕೇ ದಿನಾ ಒಂದು ತಂಬಿಗೆ ಹೆಚ್ಚು ಹಾಕಿಕೊಳ್ಳುತ್ತೇನೆ.