ಹಸಿರು ಪರದೆಯ ಮಡಿ

ಮೊಬೈಲಿಗೆ ಇನ್‌ಕಮಿಂಗ್ ಫ್ರೀ ಆದ ಹೊಸತು. ಹೊಸೂರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ನನಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ನಡೆಯುತ್ತಿತ್ತು. ಒಂದು ದಿನ ನರ್ಸ್ ಹತ್ತಿ ಸುತ್ತಿದ ಕಡ್ಡಿಯನ್ನು ನನ್ನ ಮೂಗಿನೊಳಗೆ ತಿರುಗಿಸಿ ತೆಗೆದಳು. ಮುಂದಿನ ವಾರ ಹೋದರೆ ನನ್ನ ಮಂಚ ಮೂಲೆ ಸೇರಿತ್ತು. ಸುತ್ತ ಹಸಿರು ಪರದೆ, ನನಗೆಂದೇ ಬೇರೆ ಮೆಷಿನ್.

ನರ್ಸ್ ಬಗ್ಗಿ ಮೆಲ್ಲಗೆ, "ನಿಮ್ಮ ಮೂಗಲ್ಲಿ ಒಂದು ಬ್ಯಾಕ್ಟೀರಿಯಾ ಇದೆ ಮೇಡಂ. ಮಾಮೂಲಿ ಆಂಟಿಬಯೋಟಿಕ್‌ಗೆ ಸಾಯಲ್ಲ. ನಿಮಗೇನೂ ಮಾಡ್ತಿಲ್ಲ. ಆದ್ರೆ ನಿಮ್ಮ ಹಾಗೆ ಕೈಯಲ್ಲಲ್ಲದೆ ಕುತ್ತಿಗೇಲಿ ಡಯಾಲಿಸಿಸ್ ಟ್ಯೂಬ್ ಇರೋರಿಗೆ ಹತ್ತಿದ್ರೆ ನೇರ ರಕ್ತಕ್ಕೇ ಹೋಗುತ್ತೆ. ಯಾರನ್ನೂ ಮುಟ್ಟಬೇಡಿ," ಎಂದಳು.

ಎಲ್ಲಿಂದ ಬಂತೆಂದರೆ ಆಸ್ಪತ್ರೆಯವರು ನಮ್ಮ ಮನೆ ತೋರಿಸಿದರು, ನಾನು ಆಸ್ಪತ್ರೆ ತೋರಿಸಿದೆ. ಇಬ್ಬರದೂ ಸರಿಯೇ ಇದ್ದೀತು. ನೆಗಡಿಗೆಲ್ಲ ಮೆಡಿಕಲ್ ಶಾಪಿನವನನ್ನು ಕೇಳಿ ಕ್ಯಾಪ್ಸೂಲ್ ನುಂಗುವುದು, ಜ್ವರ ಬಿಟ್ಟೊಡನೆ ಉಳಿದದ್ದನ್ನು ಡಬ್ಬಿಯಲ್ಲಿಟ್ಟು ನೆಂಟರಿಷ್ಟರಿಗೆ ಹಂಚುವುದು ನಮ್ಮ ಮನೆಯ ಪದ್ಧತಿ. ನಾನದನ್ನು ಸೋಷಿಯಲ್ ಸರ್ವಿಸ್ ಎಂದುಕೊಂಡಿದ್ದೆ.

ಡಯಾಲಿಸಿಸ್ ಹಾಲ್‌ನಲ್ಲಿದ್ದ ಉಳಿದ ಪೇಷಂಟ್‌ಗಳು ಬೇರೆಯೇ ತೀರ್ಮಾನ ಮಾಡಿದರು. ಹೊಸೂರಿನ ಹಳೇ ಮನೆತನದ ಮುದುಕಿ ಪರದೆ ಕಟ್ಟಿಸಿಕೊಂಡಿದ್ದಾಳೆಂದರೆ ಇನ್ನೇನು?

"ಮಡಿಯೋರು ಕಣ್ಲಾ. ಮೆಷಿನ್ನಿಗೂ ಮಡಿ," ಎಂದು ಮೂಕಂಡಪಲ್ಲಿಯ ಫ್ಯಾಕ್ಟರಿ ಕೆಲಸಗಾರನೊಬ್ಬ ಪಕ್ಕದ ಮಂಚದಿಂದ, ಜೊತೆಗೆ ಬಂದಿದ್ದ ತನ್ನ ತಮ್ಮನಿಗೆ ಹೇಳಿದ್ದು ನನಗೆ ಕೇಳಿಸಿತು.

ನಾನೋ, ಅಜ್ಜಿಯ ಮಡಿಸೀರೆಯನ್ನು ಬೇಕೆಂದೇ ಮುಟ್ಟಿ ಬೈಸಿಕೊಂಡವಳು. ಪಾಪ, ಅಜ್ಜಿ ಚಳಿಯಲ್ಲಿ ಮತ್ತೆ ಮೀಯುತ್ತಿದ್ದಳು. ಎಲ್ಲರ ಜೊತೆ ಊಟ ಹಂಚಿಕೊಂಡದ್ದಕ್ಕೆ ಕಾನ್ವೆಂಟಿನ ಸಿಸ್ಟರ್‌ಗಳಿಂದ ಗುಡ್ ಕಾಂಡಕ್ಟ್ ಪ್ರೈಜ್ ಪಡೆದವಳು ನಾನು. ಮಡಿಯವಳು ಎನಿಸಿಕೊಳ್ಳುವುದು ಅವಮಾನ; ಕ್ರಿಮಿ ಹೊತ್ತವಳು ಎನಿಸಿಕೊಳ್ಳುವುದು ಅದಕ್ಕಿಂತ ಅವಮಾನ. ಎರಡು ವಾರ ಬಾಯಿ ಮುಚ್ಚಿಕೊಂಡು ಮ್ಯಾಗಜೀನ್ ಓದಿದೆ.

ಆಮೇಲೊಂದು ದಿನ ಸೂಳಗಿರಿಯಿಂದ ಬರುತ್ತಿದ್ದ ಒಬ್ಬ ಹೆಂಗಸು ತನ್ನ ಡಯಾಲಿಸಿಸ್ ಮುಗಿಸಿ ಪರದೆ ಸರಿಸಿ ಒಳಗೇ ಬಂದಳು. ಅವಳ ಕುತ್ತಿಗೆಯಲ್ಲಿ ಟ್ಯೂಬ್, ಕೈಯಲ್ಲಿ ಒಂದು ಮೊಳ ಮಲ್ಲಿಗೆ.

"ಯಾಕಮ್ಮಾರೇ, ನಾವು ಮುಟ್ಟಿದ್ರೆ ಮೈಲಿಗೆ ಆಗ್ಬುಡ್ತದಾ?" ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ.

"ನಾನು ಅಂಥವಳಲ್ಲಮ್ಮ."

"ಅಂಗಾದ್ರೆ ತಕ್ಕಳಿ."

ಪ್ರೈಜ್ ಪಡೆದ ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಬೆರಳಿಗೆ ಬೆರಳು ತಾಗಿತು. ಅವಳು ಅದೇ ಕೈಯನ್ನು ಕುತ್ತಿಗೆಯ ಪ್ಲಾಸ್ಟರ್ ತುರಿಸಿಕೊಳ್ಳಲು ಎತ್ತಿದಳು.

"ಕೈ ಇಳಿಸು. ಅಲ್ಲಿ ಮುಟ್ಟಬೇಡ," ಎಂದೆ, ಇಡೀ ಹಾಲಿಗೆ ಕೇಳುವಂತೆ.

ಅವಳ ಮುಖ ಕಪ್ಪಿಟ್ಟಿತು.

"ಮೈಲಿಗೆ ಇರೋದು ನನ್ನಲ್ಲಿ ಕಣಮ್ಮ. ಔಷಧಿಗೆ ಸಾಯದ ಕ್ರಿಮಿ. ನಿನ್ನ ಟ್ಯೂಬಿಗೆ ಹೋದ್ರೆ ನಿನ್ನ ಪ್ರಾಣಕ್ಕೇ ಬರುತ್ತೆ. ಮೊದಲು ಹೋಗಿ ಸೋಪು ಹಾಕಿ ತೊಳ್ಕೊ."

ಅವಳು ಎತ್ತಿದ ಕೈ ಇಳಿಸಿ, "ಇಷ್ಟೇನಾ? ಮೊದ್ಲೇ ಯೋಳಬಾರ್ದಾಗಿತ್ತಾ? ಎಲ್ಡು ವಾರದಿಂದ ನಿಮ್ಮನ್ನ ಬೈದೂ ಬೈದೂ ಬಾಯಿ ನೋವು," ಎಂದಳು.

ಮೊಣಕೈವರೆಗೆ ತೊಳೆದಳು. ಸಾಲದೆಂದು ಮಂಚದಿಂದಲೇ ಗದರಿ ಇನ್ನೊಮ್ಮೆ ತೊಳೆಸಿದೆ. ನರ್ಸ್ ಪ್ಲಾಸ್ಟರ್ ಬದಲಿಸಿ, ಮಲ್ಲಿಗೆಯನ್ನು ಕಸದ ಡಬ್ಬಿಗೆ ಹಾಕಿ, ನನ್ನ ಕಡೆ ಕೆಕ್ಕರಿಸಿ ನೋಡಿದಳು. ಆ ನೋಟ ನನಗೆ ಸಲ್ಲತಕ್ಕದ್ದೇ.

ಮುಂದಿನ ವಾರ ಎಲ್ಲರ ಮೂಗಿಗೂ ಕಡ್ಡಿ ಹೋಯಿತು. ರಿಪೋರ್ಟ್ ಬರುವವರೆಗೂ, ಅವಳಿಗೆ ಜ್ವರ ಬಂತೇ ಎಂದು ನರ್ಸನ್ನು ಫೋನಿನಲ್ಲಿ ಕಾಡಿದೆ. ಜ್ವರ ಬರಲಿಲ್ಲ. ರಿಪೋರ್ಟ್ ಬಂದ ದಿನ ಅವಳು ಆ ತುದಿಯ ಮಂಚದಿಂದಲೇ ಕೂಗಿದಳು:

"ಅಮ್ಮಾರೇ, ನಂಗೇನೂ ಇಲ್ವಂತೆ. ನೀವು ಮಾತ್ರ ಅಲ್ಲೇ ಮಡೀಲಿ ಕುಂತಿರಿ."

ಹಾಲೆಲ್ಲ ನಕ್ಕಿತು. ಪರದೆಯ ಒಳಗೆ ನಾನೂ ನಕ್ಕೆ, ಸೂಜಿ ಚುಚ್ಚಿದ ಕೈ ಅಲುಗಿ ಮೆಷಿನ್ ಅಲಾರ್ಮ್ ಹೊಡೆದು ನರ್ಸ್ ಬಂದು ಗದರುವವರೆಗೆ.